ತೌಡಿಗೆ ಕೊಂಡ ಹೆಸರು

ಚಿತ್ತವಾಡ್ಗಿಯ ಜಂಬಮ್ಮ ನಾಲ್ಕನೆಯ ಸಲ ಹಡೆದಾಗ ಓಣಿಯವರು ಯಾರೂ ಒಳಗೆ ಬಂದು ಸಕ್ಕರೆ ಕೇಳಲಿಲ್ಲ. ಮೊದಲಿನ ಮೂರು ಸಲವೂ ಕೇಳಿದ್ದರು, ತಿಂದಿದ್ದರು, ಹರಸಿದ್ದರು. ಆ ಮೂರು ಕೂಸುಗಳಲ್ಲಿ ಒಂದೂ ವರ್ಷ ತುಂಬುವವರೆಗೆ ಉಳಿಯಲಿಲ್ಲ. ಹಾಗಾಗಿ ಈ ಸಲ ಬಂದವರು ಹೊಸ್ತಿಲಾಚೆಯೇ ನಿಂತು, ಗಂಡೋ ಹೆಣ್ಣೋ ಎಂದು ವಿಚಾರಿಸಿ, ಗಂಡು ಎಂದು ಗೊತ್ತಾದ ಮೇಲೆ ಒಂದು ನಿಟ್ಟುಸಿರು ಬಿಟ್ಟು ಹೋಗುತ್ತಿದ್ದರು. ಒಳಕೋಣೆಯಲ್ಲಿ ಮಲಗಿದ್ದ ಜಂಬಮ್ಮನಿಗೆ ಆ ನಿಟ್ಟುಸಿರು ಒಂದೊಂದೂ ಕೇಳಿಸುತ್ತಿತ್ತು. ಸರಿಯಾಗಿ ಕಣ್ಣು ಕೂಡ ಬಿಡದ ಕೂಸನ್ನು ಇವರು ಈಗಲೇ ಮಣ್ಣು ಮಾಡಿ ಮುಗಿಸಿದ್ದಾರಲ್ಲ ಎಂದು ಅವಳ ಹೊಟ್ಟೆ ಉರಿಯುತ್ತಿತ್ತು.

ಅತ್ತೆ ಮುದುಕಮ್ಮ ನಿಟ್ಟುಸಿರು ಬಿಡುವ ಪೈಕಿ ಅಲ್ಲ. ಕಂಪ್ಲಿಯಲ್ಲಿ ಹುಟ್ಟಿದಾಗ ಆಕೆಯೂ ಉಳಿಯುವ ಕೂಸಾಗಿರಲಿಲ್ಲವಂತೆ. ಮುದುಕಿಯಾಗುವವರೆಗೆ ಬದುಕಲಿ ಎಂದು ತೊಟ್ಟಿಲಲ್ಲೇ ಮುದುಕಮ್ಮ ಎಂದು ಕರೆದಿದ್ದರು. ಈಗ ಎಪ್ಪತ್ತರ ಹತ್ತಿರ ಬಂದು, ಬಾಯಲ್ಲಿ ಒಂದು ಹಲ್ಲೂ ಇಲ್ಲದೆ, ಮನೆಯನ್ನೂ ಎರಡು ಜೋಡಿ ಎತ್ತುಗಳನ್ನೂ ಮಗ ಸುಂಕಪ್ಪನನ್ನೂ ಒಂದೇ ದನಿಯಲ್ಲಿ ಆಳುತ್ತಿದ್ದಳು. ಹೆಸರು ಕೆಲಸ ಮಾಡುತ್ತದೆ ಎಂಬುದಕ್ಕೆ ತನಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ ಎಂಬುದು ಆಕೆಯ ವಾದ.

“ಹೆಸರು ಇಡೂದರಾಗ ನಾವು ತಪ್ಪಿದ್ವಿ,” ಎಂದಳು ಸೊಸೆಗೆ. “ಮೊದಲನೇದನ್ನ ತಿಪ್ಪಿ ಮ್ಯಾಲೆ ಹೊರಳ್ಸಿ ತಿಪ್ಪಣ್ಣ ಅಂದ್ವಿ. ಎರಡನೇದನ್ನ ತೆಲುಗು ಬಳೆಗಾರನಿಗೆ ಮಾರಿ ಪುಲ್ಲಯ್ಯ ಅಂದ್ವಿ. ಮೂರನೇದಕ್ಕ ದರ್ಗಾದಾಗ ಫಕೀರಪ್ಪ ಅಂತ ಕೂಗಿಸಿದ್ವಿ. ಈ ಸೀಮಿ ಹೆಸರೆಲ್ಲ ಯಮನ ಕಡೆಯವ್ರಿಗೆ ಬಾಯಿಪಾಠ ಆಗ್ಯಾವು. ಇಲ್ಲಿ ಯಾರೂ ಕೂಗಿರಬಾರ್ದು, ಅಂಥ ಹೆಸರು ಬೇಕು.”

ಮಕ್ಕಳು ಉಳಿಯದ ಮನೆಗಳಲ್ಲಿ ಕೂಸನ್ನು ಮೊರದಲ್ಲಿ ಮಲಗಿಸಿ ಪರರಿಗೆ ಒಂದು ಹಿಡಿ ತೌಡಿಗೆ ಮಾರುವ ಪದ್ಧತಿ ಇತ್ತು. ಕೊಂಡವರೇ ಹೆಸರಿಡಬೇಕು. ಅಲ್ಲಿಂದ ಮುಂದೆ ಕೂಸು ಕೊಂಡವರದು, ಹೆತ್ತವರು ಬರೀ ಸಾಕುವವರು. ಯಮದೂತರು ಈ ಮನೆಯ ಮಗುವನ್ನು ಹುಡುಕಿಕೊಂಡು ಬಂದರೆ ಈ ಮನೆಯಲ್ಲಿ ಈ ಮನೆಯವರ ಮಗು ಇರುವುದೇ ಇಲ್ಲ, ಬಂದ ದಾರಿ ಹಿಡಿಯಬೇಕು. ಮೋಸ ಎಂದರೆ ಮೋಸವೇ. ಆದರೆ ಮೂರು ಕೂಸು ಕಳಕೊಂಡವಳು ಯಮನ ಜೊತೆ ನ್ಯಾಯವಾಗಿ ನಡೆದುಕೊಳ್ಳಬೇಕು ಎನ್ನುವವರ ಬಾಯಿಗೆ ಅದೇ ತೌಡು ತುರುಕಬೇಕು.

ಮುದುಕಮ್ಮನ ಕಣ್ಣು ಬಿದ್ದದ್ದು ಎದುರುಮನೆಯ ಮುಂಗೋಣೆಯಲ್ಲಿ ಬಾಡಿಗೆಗಿದ್ದ ಯಾನಪ್ಪನ ಮೇಲೆ. ಸಂಡೂರು ಗುಡ್ಡದಿಂದ ಬಂಡಿಗಳಲ್ಲಿ ಬರುವ ಮ್ಯಾಂಗನೀಸ್ ಅದಿರನ್ನು ಹೊಸಪೇಟೆ ಸ್ಟೇಷನ್ನಿನ ಹಿಂದಿನ ಯಾರ್ಡಿನಲ್ಲಿ ಸುತ್ತಿಗೆಯಿಂದ ಒಡೆದು, ಒಳ್ಳೆಯದು ಕೆಟ್ಟದ್ದು ಬೇರೆ ಮಾಡಿಸುವುದು ಅವನ ಕೆಲಸ. ಸುಂಕಪ್ಪನ ಬಂಡಿಗಳು ಹೇರುತ್ತಿದ್ದದ್ದೂ ಅದೇ ಅದಿರು. ಯಾನಪ್ಪನ ನಿಜವಾದ ಹೆಸರು ಯಾನಿಸ್, ಊರು ಗ್ರೀಸ್ ದೇಶದ ಒಂದು ದ್ವೀಪ. ಟೊಪ್ಪಿಗೆ ಹಾಕಿದವರೆಲ್ಲ ಇಂಗ್ಲಿಷಿನವರು ಎಂದು ಓಣಿಯ ಜನ ತಿಳಿದಿದ್ದರು, ಅವನಿಗೆ ಅದೊಂದೇ ಸಿಟ್ಟಿನ ವಿಷಯ. ಗುಡ್ಡದಲ್ಲಿ ಕಲ್ಲಿಗೆ ಮದ್ದು ಸಿಡಿಸುವ ಕಡೆ ವರ್ಷಗಟ್ಟಲೆ ನಿಂತು ಕಿವಿ ಮಂದವಾಗಿತ್ತು. ಕನ್ನಡ ಕಲಿತದ್ದು ಬಂಡಿಯವರಿಂದ. ಹಾಗಾಗಿ ತಹಶೀಲ್ದಾರರಿಂದ ಹಿಡಿದು ಎತ್ತಿನವರೆಗೆ ಎಲ್ಲರಿಗೂ ಲೇ ಎನ್ನುತ್ತಿದ್ದ, ಅದು ಮರ್ಯಾದೆಯ ಮಾತೆಂದೇ ನಂಬಿದ್ದ.

ಅದು ಸಾವಿರದ ಒಂಬೈನೂರ ಹನ್ನೊಂದನೆಯ ಇಸವಿ. ಕೂಸು ಹುಟ್ಟಿದ ಹದಿಮೂರನೆಯ ದಿನ ಯಾನಪ್ಪ ಒಗೆದ ಬಿಳೀ ಅಂಗಿ ಹಾಕಿಕೊಂಡು ಬಂದು ಪಡಸಾಲೆಯಲ್ಲಿ ಕೂತ. ಮುದುಕಮ್ಮ ಮೊರ ತಂದಿಟ್ಟು, ಅವನ ಕಿವಿಗೆ ತಲುಪುವಷ್ಟು ಎಂದರೆ ಇಡೀ ಓಣಿಗೆ ಕೇಳುವಷ್ಟು ದೊಡ್ಡ ದನಿಯಲ್ಲಿ ತನ್ನ ಕರಾರು ಹೇಳಿದಳು.

“ಒಂದು, ಆ ಹೆಸರು ಈ ಸೀಮಿಯಾಗ ಯಾರದ್ದೂ ಇರಬಾರ್ದು. ಇನ್ನೊಂದು, ಆ ಹೆಸರಿನವ್ರು ಭಾಳ ವರ್ಷ ಬಾಳಿರಬೇಕು. ಸುಳ್ಳು ಹೇಳಬ್ಯಾಡ.”

ಯಾನಪ್ಪ ಮೀಸೆಯ ತುದಿ ಕಚ್ಚಿಕೊಂಡ. “ಅಂತಿಗೋನಸ್,” ಎಂದ ಆಮೇಲೆ. “ನಮ್ಮಪ್ಪನ ಹೆಸರು ಲೇ. ನಮ್ಮ ಕಡೆ ಮೊಮ್ಮಗನಿಗೆ ಅಜ್ಜನ ಹೆಸರು ಇಡ್ತಾರ. ನನಗ ಮದಿವಿ ಇಲ್ಲ, ಮಕ್ಕಳಿಲ್ಲ. ಹೆಸರು ಹಂಗ ಉಳದೈತಿ.”

“ನಿಮ್ಮಪ್ಪ ಅದಾನೇನು?”

“ಅದಾನ. ಎಪ್ಪತ್ತೆರಡು. ಇನ್ನೂ ದೋಣಿ ಕಟ್ತಾನ.”

“ಇನ್ಯಾರದ್ದೈತಿ ಆ ಹೆಸರು?”

ಯಾನಪ್ಪ ಬೆರಳು ಎತ್ತಿದ. ಹಿಂದಿನ ಕಾಲದಲ್ಲಿ ಒಬ್ಬ ಒಕ್ಕಣ್ಣ ರಾಜ ಇದ್ದ, ಎಂಬತ್ತು ದಾಟಿದ ಮೇಲೂ ಯುದ್ಧಕ್ಕೆ ಹೊರಟವನು, ಅವನ ಹೆಸರು ಅದೇ. ಎರಡನೆಯ ಬೆರಳು ಎತ್ತಿದ. ಒಕ್ಕಣ್ಣನ ಮೊಮ್ಮಗ, ಅವನೂ ರಾಜ, ಅವನೂ ಎಂಬತ್ತರವರೆಗೆ ಬಾಳಿದ. ದೊರೆತನ ಎಂದರೆ ಮರ್ಯಾದೆ ಇರುವ ಜೀತ ಎಂದು ಮಗನಿಗೆ ಬುದ್ಧಿ ಹೇಳಿದ್ದವನು. “ಶಾಣ್ಯಾ ಇದ್ದ,” ಎಂದು ಮುದುಕಮ್ಮ ತಲೆಯಾಡಿಸಿದಳು. ಯಾನಪ್ಪನ ಮೂರನೆಯ ಬೆರಳೂ ಅರ್ಧ ಎದ್ದಿತ್ತು. ಅವನು ಜಂಬಮ್ಮನ ಮುಖ ನೋಡಿದ. ಬೆರಳು ಮಡಚಿ ಮೀಸೆ ತುರಿಸಿಕೊಂಡ.

“ಅಷ್ಟ ಲೇ,” ಎಂದ.

ಆ ಬೆರಳನ್ನು ಜಂಬಮ್ಮ ಕಂಡಳು. ಆದರೆ ಎಂಬತ್ತು, ಎಂಬತ್ತು, ಎಪ್ಪತ್ತೆರಡು ಎಂಬ ಮಾತುಗಳು ಅವಳ ಎದೆಯಲ್ಲಿ ಹಾಲು ಇಳಿದಂತೆ ಇಳಿಯುತ್ತಿದ್ದವು, ಬೆರಳಿನ ವಿಚಾರ ಅಲ್ಲಿಗೇ ಮರೆತುಹೋಯಿತು. ಯಾನಪ್ಪ ಒಂದು ಹಿಡಿ ತೌಡನ್ನು ಅವಳ ಉಡಿಗೆ ಹಾಕಿ, ಮೊರದಿಂದ ಕೂಸನ್ನೆತ್ತಿ, ಅದರ ಕಿವಿಯಲ್ಲಿ ಮೂರು ಸಲ ಹೆಸರು ಹೇಳಿದ.

“ಇವತ್ತಿಂದ ಇದು ನಿಂದಪ್ಪ,” ಎಂದಳು ಮುದುಕಮ್ಮ. “ನಾವು ಸಾಕೋರು ಅಷ್ಟ.”

ಬಾಗಿಲಲ್ಲಿ ಇಣುಕುತ್ತಿದ್ದ ಹೆಂಗಸರು ನಕ್ಕರು. ಇಂಥ ಮಾತಿಗೆ ಎಲ್ಲರೂ ನಗುತ್ತಾರೆ, ಕೊಂಡವನೂ ನಗಬೇಕು, ನಕ್ಕು ಕೂಸನ್ನು ವಾಪಸ್ ಕೊಟ್ಟು ಊಟ ಮಾಡಿ ಹೋಗಬೇಕು. ಯಾನಪ್ಪ ಮಾತ್ರ ನಗಲಿಲ್ಲ. ಕೂಸನ್ನು ಎದೆಗೊತ್ತಿಕೊಂಡು ‘ಬಾಬಾ’ ಎಂದ. ಅವರ ಮಾತಿನಲ್ಲಿ ಹಾಗೆಂದರೆ ಅಪ್ಪ. ತನ್ನ ಅಪ್ಪನ ಹೆಸರು ಹೊತ್ತದ್ದು ತನಗೂ ಅಪ್ಪನೇ ಎಂದು ತೋರಿತೋ ಏನೋ, ಅವನ ಕಣ್ಣು ಒದ್ದೆಯಾದದ್ದನ್ನು ಜಂಬಮ್ಮ ನೋಡಿದಳು. ಅವತ್ತಿನಿಂದ ಆ ಮನುಷ್ಯನ ಮೇಲೆ ಅವಳಿಗೆ ಒಡಹುಟ್ಟಿದವನ ಮೇಲಿನ ಅಕ್ಕರೆ ಬಂತು.

ಕೂಸು ಉಳಿಯಿತು. ವರ್ಷ ದಾಟಿತು, ಎರಡು ದಾಟಿತು, ಅಂತಿಗೋನಪ್ಪ ಎಂದು ಓಣಿಯೆಲ್ಲ ಕರೆಯುವ ಹುಡುಗನಾಯಿತು. ಸಂಜೆ ಯಾರ್ಡಿನಿಂದ ಯಾನಪ್ಪ ಬಂದ ಕೂಡಲೇ ಅವನ ಭುಜ ಹತ್ತಿ, ಕಿವಿಗೆ ಬಾಯಿಟ್ಟು, ಅವತ್ತಿನ ಸುದ್ದಿಯನ್ನೆಲ್ಲ ಕೂಗಿ ಹೇಳುವುದು ಹುಡುಗನ ಕೆಲಸ. ಎಮ್ಮೆ ಈದದ್ದು, ಅಜ್ಜಿ ಜಾರಿದ್ದು, ಅಪ್ಪನ ಬಂಡಿಯ ಕೀಲು ಮುರಿದದ್ದು, ಎಲ್ಲವೂ ಆ ಕಿವಿಯ ಮೂಲಕ ಊರಿಗೆಲ್ಲ ತಿಳಿಯುತ್ತಿತ್ತು. ವರ್ಷಕ್ಕೆ ಎರಡು ಸಲ ದ್ವೀಪದಿಂದ ಕಾಗದ ಬಂದರೆ ಮುದುಕಮ್ಮ ಬಾಗಿಲಲ್ಲೇ ನಿಂತು “ಅದಾನೇನು?” ಎಂದು ಕೇಳುತ್ತಿದ್ದಳು. ಯಾನಪ್ಪ ಕಾಗದ ಬೀಸಿ “ಅದಾನ ಲೇ” ಎನ್ನುತ್ತಿದ್ದ. ಆಚೆ ಸಮುದ್ರದ ದಂಡೆಯ ಮುದುಕ ದೋಣಿ ಕಟ್ಟುತ್ತಿರುವವರೆಗೆ ಚಿತ್ತವಾಡ್ಗಿಯ ಹುಡುಗನಿಗೆ ಏನೂ ಆಗದು ಎಂದು ಅತ್ತೆ ಸೊಸೆ ಇಬ್ಬರೂ ಧೈರ್ಯವಾಗಿದ್ದರು.

ಹುಡುಗನಿಗೆ ಆರು ತುಂಬಿ ಸಾಲೆಗೆ ಹಾಕಿದಾಗ ಆ ಧೈರ್ಯಕ್ಕೆ ಕಲ್ಲು ಬಿತ್ತು. ಕಲ್ಲು ಹಾಕಿದವರು ತಿರುಮಲಾಚಾರ್ ಮೇಷ್ಟ್ರು, ಅದೂ ಪ್ರೀತಿಯಿಂದ. ಹಾಜರಿ ಪುಸ್ತಕದಲ್ಲಿ ಇಂಥ ಹೆಸರು ಬರೆದದ್ದು ಅವರ ಜನ್ಮದಲ್ಲೇ ಮೊದಲು. ಕುತೂಹಲ ತಡೆಯದೆ ಬಳ್ಳಾರಿಯ ಸ್ನೇಹಿತರಿಂದ ದಪ್ಪನೆಯ ಇಂಗ್ಲಿಷ್ ಚರಿತ್ರೆಯ ಪುಸ್ತಕ ತರಿಸಿ, ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಒಂದು ಭಾನುವಾರ ಬೆಳಿಗ್ಗೆ ಜಂಬಮ್ಮನ ಪಡಸಾಲೆಗೇ ಬಂದರು.

“ನಿಮ್ಮ ಮಗ ಸಾಮಾನ್ಯದವನಲ್ಲ ಜಂಬಮ್ಮ,” ಎಂದರು ಕೂರುತ್ತಲೇ. “ಆ ಕುಲದಾಗ ಈ ಹೆಸರಿನ ರಾಜರು ಮೂರು ಮಂದಿ. ಅದರಾಗ ಎರಡನೇಯವನ ಹೆಸರನ್ನ ನಮ್ಮ ಅಶೋಕ ಚಕ್ರವರ್ತಿ ಬಂಡೆಗಲ್ಲಿನ ಮ್ಯಾಲೆ ಕೆತ್ತಿಸ್ಯಾನ. ನೋಡ್ರಿ, ಎಂಥಾ ನಂಟು.”

“ಮೂರು ಮಂದಿ?” ಎಂದಳು ಜಂಬಮ್ಮ. ಆರು ವರ್ಷದ ಹಿಂದೆ ಅರ್ಧ ಎದ್ದು ಮಡಚಿದ ಬೆರಳು ಅವಳ ಕಣ್ಣ ಮುಂದೆ ಬಂತು. “ಮೂರನೇಯವ ಯಾರ್ರಿ?”

“ಅವನೂ ಒಳ್ಳೇಯವನೇ. ಕೊಡ್ತೀನಿ ಕೊಡ್ತೀನಿ ಅಂತ ಮಾತು ಕೊಟ್ಟು ಕೊಡೂದಕ್ಕ ತಡ ಮಾಡ್ತಿದ್ದನಂತ. ಕೊಡ್ತೀನಿ ರಾಜ ಅಂತಲೇ ಅಡ್ಡಹೆಸರು ಬಿದ್ದಿತ್ತು.” ಮೇಷ್ಟ್ರು ನಕ್ಕರು. ಜಂಬಮ್ಮ ನಗಲಿಲ್ಲ.

“ಎಷ್ಟು ವರ್ಷ ಬಾಳಿದ?”

ಮೇಷ್ಟ್ರು ಪುಟದ ಮೇಲೆ ಬೆರಳಿಟ್ಟು ಓದಿದರು. “ನಲವತ್ತರ ಮ್ಯಾಲೆ ಎರಡೋ ಮೂರೋ. ಒಂದು ದೊಡ್ಡ ಯುದ್ಧ ಗೆದ್ದನಂತ. ಗೆದ್ದ ಖುಷಿಗೆ ಗಂಟಲು ಹರಿಯೂ ಹಂಗ ಕೂಗಿದನಂತ. ಕೂಗಿದ ಕೂಡ್ಲೇ ಎದಿಯೊಳಗಿನ ನರ ಒಡದು, ಬಾಯಾಗ ರಕ್ತ...”

ಅಷ್ಟರಲ್ಲಿ ಅವರು ತಲೆಯೆತ್ತಿ ಜಂಬಮ್ಮನ ಮುಖ ನೋಡಿದರು. ಪುಸ್ತಕ ಮುಚ್ಚಿದರು. ಹಾಲು ಬ್ಯಾಡ, ಹೊತ್ತಾಯಿತು ಎಂದು ಎದ್ದು ಹೋದರು. ಓದಿದವರು ಇಷ್ಟೇ, ಮನೆಗೆ ಬೆಂಕಿ ಇಟ್ಟಮೇಲೆ ಪುಸ್ತಕ ಮುಚ್ಚುತ್ತಾರೆ.

ಜಂಬಮ್ಮ ಸೀದಾ ಎದುರುಮನೆಗೆ ಹೋದಳು. ಕಿವಿ ಕೇಳದವನ ಮೇಲೆ ಸಿಟ್ಟು ಮಾಡುವುದು ಸುಲಭದ ಕೆಲಸವಲ್ಲ, ಗುಟ್ಟಾಗಿ ಕೇಳಬೇಕಾದದ್ದನ್ನೂ ಕೂಗಿಯೇ ಕೇಳಬೇಕು. ಓಣಿಯ ಬಾಗಿಲುಗಳೆಲ್ಲ ಒಂದೊಂದಾಗಿ ತೆರೆದುಕೊಂಡವು. “ಮೂರನೇ ಬೆರಳು ಯಾಕ ಮಡಚಿದಿ?” ಎಂದು ಅವಳು ಮೂರು ಸಲ ಕೂಗಿದಳು. ಯಾನಪ್ಪನಿಗೆ ಮೊದಲ ಸಲಕ್ಕೇ ಕೇಳಿತ್ತು.

“ನಿನ್ನ ಮುಖ ನೋಡಿ ಮಡಚಿದೆ ಲೇ,” ಎಂದ. “ಮೂರು ಕೂಸು ಹೋದ ಮುಖ. ಅದರ ಮುಂದ ಇನ್ನೊಂದು ಸಾವು ಹೆಂಗ ಹೇಳ್ಲಿ? ನೀವು ಬಾಳಿದವ್ರನ್ನ ಕೇಳಿದ್ರಿ, ನಾ ಬಾಳಿದವ್ರನ್ನ ಹೇಳಿದೆ. ಆ ರಾಜನಿಗೆ ಮೊದಲ ಎದಿ ರೋಗ ಇತ್ತು. ಕೂಗಿ ಯಾರೂ ಸಾಯೂದಿಲ್ಲ.”

ಆದರೆ ಜಂಬಮ್ಮನ ಕಿವಿಯಲ್ಲಿ ನಿಂತದ್ದು ಮೇಷ್ಟ್ರ ಮಾತೇ. ಅವತ್ತೇ ಮುದುಕಮ್ಮ ತೀರ್ಪು ಕೊಟ್ಟಳು. ಹೆಸರು ಬದಲಿಸುವಂತಿಲ್ಲ. ಕೊಂಡವನು ಇಟ್ಟ ಹೆಸರು ಬಿಟ್ಟರೆ ಮಾರಿದ್ದೇ ಸುಳ್ಳು ಎಂದು ತಾವೇ ಡಂಗುರ ಹೊಡೆದಂತೆ, ಯಮನಿಗೆ ಮನೆಯ ಗುರುತು ಹೇಳಿಕೊಟ್ಟಂತೆ. ಹೆಸರು ಇರಲಿ, ಕೂಗು ಬೇಡ. ಹುಡುಗ ಇನ್ನು ಮೇಲೆ ಕೂಗಬಾರದು, ಕಿರುಚಬಾರದು, ದೊಡ್ಡದಾಗಿ ನಗಬಾರದು. ಎದೆಯ ನರಕ್ಕೆ ಎಷ್ಟು ತಡೆದೀತೋ ಅಷ್ಟೇ ಮಾತು.

ಮನೆಯಲ್ಲಿ ಕೂಗದಿರುವ ಕಾಯಿದೆ ಜಾರಿಯಾದ ರೀತಿ ನೋಡಿದರೆ ಸರ್ಕಾರದವರು ನಾಚಬೇಕು. ಸುಂಕಪ್ಪ ಎತ್ತುಗಳಿಗೆ ಹೋಯ್ ಎನ್ನುವುದನ್ನೂ ಬೀದಿಯ ಕೊನೆಗೆ ಹೋಗಿ ಅನ್ನುತ್ತಿದ್ದ, ಹುಡುಗ ಕಲಿತಾನು ಎಂದು. ಸಾಲೆಯಲ್ಲಿ ಎಲ್ಲರೂ ಮಗ್ಗಿ ಒದರುವಾಗ ಅಂತಿಗೋನಪ್ಪ ತುಟಿ ಆಡಿಸುತ್ತಿದ್ದ. ತಿರುಮಲಾಚಾರ್ ಮೇಷ್ಟ್ರು ತಮ್ಮ ತಪ್ಪಿಗೆ ತಾವೇ ದಂಡ ಎಂಬಂತೆ ಅವನ ಪಕ್ಕ ಕೂತು, ಕಿವಿ ಕೊಟ್ಟು, ಹದಿನೇಳರ ಮಗ್ಗಿಯನ್ನು ಗುಸುಗುಸು ಕೇಳಿಸಿಕೊಳ್ಳುತ್ತಿದ್ದರು. ಚಿನ್ನಿದಾಂಡು ಆಡುವಾಗ ಗೆದ್ದರೂ ಹುಡುಗ ಕೈ ಮಾತ್ರ ಎತ್ತುತ್ತಿದ್ದ. ಜಗಳ ಬಂದರೆ ಸದ್ದಿಲ್ಲದೆ ಹೊಡೆದು ಬರುತ್ತಿದ್ದ. ಹುಡುಗನಿಗೂ ಅದು ಆಟದ ನಿಯಮದ ಹಾಗೆ ರೂಢಿಯಾಯಿತು.

ರೂಢಿಯಾಗದವನು ಯಾನಪ್ಪ ಒಬ್ಬನೇ. ಹುಡುಗ ಮೊದಲಿನ ಹಾಗೇ ಸಂಜೆ ಅವನ ಪಕ್ಕ ಕೂತು ಕಿವಿಗೆ ಬಾಯಿ ಇಡುತ್ತಿದ್ದ, ಸುದ್ದಿ ಹೇಳುತ್ತಿದ್ದ. ಆ ಕಿವಿಗೆ ಬಿಸಿ ಉಸಿರು ತಾಗುತ್ತಿತ್ತೇ ಹೊರತು ಒಂದು ಅಕ್ಷರವೂ ಕೇಳುತ್ತಿರಲಿಲ್ಲ. ಆದರೂ ಅವನು ಎಲ್ಲ ಕೇಳಿದವನಂತೆ ತಲೆಯಾಡಿಸುತ್ತಿದ್ದ. ಎಮ್ಮೆ ಸತ್ತ ಸುದ್ದಿಗೆ ಒಮ್ಮೆ ಗಹಗಹಿಸಿ ನಕ್ಕುಬಿಟ್ಟ. ಹೊಸ್ತಿಲಲ್ಲಿ ಅಕ್ಕಿ ಆರಿಸುತ್ತಿದ್ದ ಜಂಬಮ್ಮ ಅದನ್ನು ನೋಡಿ ತಲೆ ತಗ್ಗಿಸಿದಳು.

ಮರುವರ್ಷ ಆ ಹೊಸ ಜ್ವರ ಬಂತು. ಇನ್‌ಫ್ಲುಯೆಂಜಾ ಎಂದು ಮೇಷ್ಟ್ರು ಹೇಳಿದರು. ಯಾವ ಹೆಸರಾದರೇನು, ಚಿತ್ತವಾಡ್ಗಿಯಲ್ಲಿ ದಿನಕ್ಕೆ ನಾಲ್ಕೈದು ಹೆಣ ಎದ್ದವು. ಕೆಲವರು ಮೂಗಲ್ಲಿ ಬಾಯಲ್ಲಿ ರಕ್ತ ಕಾರಿ ಸತ್ತರು. ಅಂತಿಗೋನಪ್ಪನೂ ಮಲಗಿದ. ಒಂಬತ್ತು ದಿನ ಮೈ ಕಾದ ಹೆಂಚಾಗಿತ್ತು. ಜಂಬಮ್ಮ ಒಂಬತ್ತು ದಿನವೂ ಅವನ ತುಟಿಯನ್ನೇ ನೋಡುತ್ತ ಕೂತಳು, ಕೆಮ್ಮಿದಾಗಲೆಲ್ಲ ಬಿಳೀ ಅರಿವೆಯಿಂದ ಬಾಯಿ ಒರೆಸಿ ಅರಿವೆಯನ್ನು ಬೆಳಕಿಗೆ ಹಿಡಿದಳು. ಕೆಂಪು ಬರಲಿಲ್ಲ. ಹತ್ತನೆಯ ದಿನ ಹುಡುಗ ಗಂಜಿ ಕೇಳಿದ, ಅದನ್ನೂ ಪಿಸುಮಾತಿನಲ್ಲಿ.

“ಕೂಗಿದ್ರ ಹೋಗ್ತಿದ್ದ,” ಎಂದಳು ಮುದುಕಮ್ಮ. ಜಂಬಮ್ಮನೂ ಹಾಗೇ ನಂಬಿದಳು. ಕಣ್ಣಾರೆ ಕಂಡಮೇಲೆ ನಂಬದೆ ಏನು ಮಾಡಬೇಕು. ಅಲ್ಲಿಂದ ಮುಂದೆ ಆ ಕಾಯಿದೆಯ ಬಗ್ಗೆ ಸುಂಕಪ್ಪನೂ ಚಕಾರ ಎತ್ತಲಿಲ್ಲ.

ಹುಡುಗ ಉಳಿದ ಹರಕೆ ತೀರಿಸಲು ಬೇಸಗೆಯಲ್ಲಿ ಬಂಡಿ ಕಟ್ಟಿಕೊಂಡು ಹಂಪಿಗೆ ಹೋದರು. ವಿರೂಪಾಕ್ಷನಿಗೆ ಕಾಯಿ ಒಡೆಸಿ, ಬರುವಾಗ ಕಮಲಾಪುರದ ದಾರಿಯಲ್ಲಿ ಆನೆ ಲಾಯದ ಮುಂದೆ ಬುತ್ತಿ ಬಿಚ್ಚಿದರು. ಲಾಯದ ಗುಮ್ಮಟದ ಕೋಣೆಗಳಲ್ಲಿ ಬೇರೆ ಬಂಡಿಗಳ ಹುಡುಗರು ತಮ್ಮ ತಮ್ಮ ಹೆಸರು ಕೂಗಿ ಕಲ್ಲು ವಾಪಸ್ ಕೂಗುವುದನ್ನು ಕೇಳಿ ಕುಣಿಯುತ್ತಿದ್ದರು. ಅಂತಿಗೋನಪ್ಪ ಕಾಣಲಿಲ್ಲವೆಂದು ಜಂಬಮ್ಮ ಹುಡುಕುತ್ತ ಹೋದರೆ, ಕೊನೆಯ ಕೋಣೆಯಲ್ಲಿ ಒಬ್ಬನೇ ಗೋಡೆಗೆ ಬಾಯಿ ತಾಗಿಸಿ ನಿಂತಿದ್ದ. ತುಟಿ ಆಡಿಸಿದ. ಆಮೇಲೆ ಅದೇ ಜಾಗಕ್ಕೆ ಕಿವಿ ಇಟ್ಟ.

“ಏನಂದಿ ಗ್ವಾಡಿಗೆ?” ಎಂದು ಕೇಳಿದಳು.

“ನನ್ನ ಹೆಸರು,” ಎಂದು ಪಿಸುಗುಟ್ಟಿದ. “ಅದು ವಾಪಸ್ ಹೇಳ್ಲಿಲ್ಲವ್ವ.”

ಜಂಬಮ್ಮನಿಗೆ ಅವತ್ತು ಬುತ್ತಿ ಸೇರಲಿಲ್ಲ. ಮಗನನ್ನು ಉಳಿಸಿಕೊಂಡೆ ಎಂದು ವಿರೂಪಾಕ್ಷನಿಗೆ ಹೇಳಿ ಬಂದಿದ್ದಳು. ಎಷ್ಟು ಉಳಿಸಿಕೊಂಡೆ ಎಂದು ದಾರಿಯುದ್ದಕ್ಕೂ ತನ್ನನ್ನೇ ಕೇಳಿಕೊಂಡಳು. ಮನೆ ಮುಟ್ಟುವಷ್ಟರಲ್ಲಿ ಜ್ವರದ ಒಂಬತ್ತು ದಿನ ನೆನಪಾಗಿ, ಬಾಯಿಗೆ ಬಂದ ಮಾತನ್ನು ನುಂಗಿದಳು.

ಯುರೋಪಿನ ಯುದ್ಧ ಮುಗಿದ ಮೇಲೆ, ವರ್ಷಗಳಿಂದ ನಿಂತಿದ್ದ ಕಾಗದ ಒಂದು ಬಂತು. “ಅದಾನೇನು?” ಎಂದು ಮುದುಕಮ್ಮ ಕೂಗಿದಳು. ಯಾನಪ್ಪ ಕಾಗದ ಬೀಸಲಿಲ್ಲ. ದೋಣಿ ಕಟ್ಟುವ ಮುದುಕ ಹಿಂದಿನ ವರ್ಷವೇ ತೀರಿಕೊಂಡಿದ್ದ.

“ಎಷ್ಟು ಆಗಿತ್ತು?”

“ಎಪ್ಪತ್ತೊಂಬತ್ತು.”

ಮುದುಕಮ್ಮ ಬೀದಿ ದಾಟಿ ಹೋಗಿ ಅವನ ತಲೆಯ ಮೇಲೆ ಕೈಯಿಟ್ಟಳು. “ಬೇಶ್ ಬಾಳಿದ,” ಎಂದಳು. “ಅಳು. ಅಳೂದರಾಗ ನಾಚಿಕಿ ಇಲ್ಲ.” ಯಾನಪ್ಪ ಅತ್ತ. ಆಮೇಲೆ ಹುಡುಗನನ್ನು ಹತ್ತಿರ ಕೂರಿಸಿಕೊಂಡು ಜಂಬಮ್ಮನಿಗೆ ಹೇಳಿದ, “ಈಗ ನನಗ ಆ ಹೆಸರಿನವ ಅಂದ್ರ ಇವನೊಬ್ಬನ ಲೇ.”

ಯುದ್ಧ ನಿಂತಿತು, ಅದಿರು ಕೇಳುವವರೂ ಕಡಿಮೆಯಾದರು. ಯಾರ್ಡಿನಲ್ಲಿ ಕಪ್ಪು ಗುಡ್ಡೆಗಳು ಹಾಗೇ ಬಿದ್ದವು, ಕಂಪನಿಯವರು ಒಬ್ಬೊಬ್ಬರನ್ನಾಗಿ ಕೈಬಿಟ್ಟರು. ಸಾವಿರದ ಒಂಬೈನೂರ ಇಪ್ಪತ್ತರಲ್ಲಿ ಯಾನಪ್ಪನ ಸರದಿ ಬಂತು. ಮನೆಯಲ್ಲಿ ಮುದಿ ತಾಯಿ ಒಬ್ಬಳೇ, ಊರಿಗೆ ಹೋಗುತ್ತೇನೆ ಎಂದ. ಹೊರಡುವ ಹಿಂದಿನ ದಿನ ಅದೇ ಬಿಳೀ ಅಂಗಿ ಹಾಕಿಕೊಂಡು ಬಂದು ಪಡಸಾಲೆಯಲ್ಲಿ ಕೂತ.

“ಒಂದು ಹಿಡಿ ತೌಡು ಕೊಡ್ರಿ,” ಎಂದ. ಅಷ್ಟು ವರ್ಷದಲ್ಲಿ ಅವನ ಬಾಯಲ್ಲಿ ‘ರಿ’ ಬಂದದ್ದು ಅದೇ ಮೊದಲು, ಯಾರು ಕಲಿಸಿದ್ದರೋ. “ಹುಡುಗನ್ನ ವಾಪಸ್ ಮಾರಿ ಹೋಗ್ತೀನಿ. ನನ್ನ ಹೆಸರಿಂದ ಅವನ ದನಿ ಹೋತು. ನಿಮ್ಮವನ ಆದ್ರ ನಿಮ್ಮ ಹೆಸರು ಇಡ್ರಿ, ಕೂಗ್ಲಿ.”

ಮುದುಕಮ್ಮನಿಗೆ ಸಿಟ್ಟು ಬಂತು. “ಮಾರಿದ್ದು ಮಾರಿದ್ದ. ಸಂತಿಯಾಗಿನ ಎತ್ತೇನಪ್ಪ ವಾಪಸ್ ತಗೊಳ್ಳಾಕ? ಅಂವ ನಿನ್ನವನ, ನೀ ಎಲ್ಲೇ ಇರು.”

ಯಾನಪ್ಪ ತಲೆ ಬಗ್ಗಿಸಿ ಎದ್ದ. ಬಾಗಿಲಲ್ಲಿ ಜಂಬಮ್ಮನಿಗಷ್ಟೇ ಕೇಳುವಂತೆ, ದೂರು ಹೇಳುವ ದನಿಯಲ್ಲೂ ಅಲ್ಲ, ಹವೆಯ ಬಗ್ಗೆ ಹೇಳುವವನಂತೆ ಅಂದ, “ಮೂರು ವರ್ಷ ಆತು ಲೇ, ಅವನ ದನಿ ಹೆಂಗೈತಿ ನನಗ ಗೊತ್ತಿಲ್ಲ.”

ಜಂಬಮ್ಮ ಮರುದಿನ ಬೆಳಿಗ್ಗೆ ಎದ್ದು ಶೇಂಗಾ ಹೋಳಿಗೆ ಮಾಡಲು ಕೂತಳು. ಹಡಗಿನ ದಾರಿ ಭಾಳ ದಿನದ್ದಂತೆ, ಇನ್ನಷ್ಟು ಇರಲಿ, ಇನ್ನಷ್ಟು ಇರಲಿ ಎಂದು ಬೇಯಿಸುತ್ತಲೇ ಇದ್ದಳು. ಸುಂಕಪ್ಪ ಯಾನಪ್ಪನ ಪೆಟ್ಟಿಗೆ ಹೇರಿಕೊಂಡು ಮುಂದೆ ಹೋಗಿ ಎಷ್ಟು ಹೊತ್ತಾಗಿತ್ತೋ. ಹುಡುಗ ಸೆರಗು ಜಗ್ಗಿ ಜಗ್ಗಿ ಕೊನೆಗೆ ಅವಳನ್ನು ಎಬ್ಬಿಸಿದಾಗ ಸ್ಟೇಷನ್ ಕಡೆಯಿಂದ ಮೊದಲ ಗಂಟೆ ಕೇಳಿಸಿತು. ಇಬ್ಬರೂ ಯಾರ್ಡಿನ ಅಡ್ಡದಾರಿಯಲ್ಲಿ, ಅದಿರಿನ ಗುಡ್ಡೆಗಳ ನಡುವೆ, ಓಡಿದರು.

ಪ್ಲಾಟ್‌ಫಾರ್ಮಿನ ಹಿಂತುದಿಗೆ ಅವರು ಹತ್ತಿದಾಗ ಗುಂತಕಲ್ಲಿನ ಗಾಡಿ ಆಗಲೇ ಅಲುಗಿತ್ತು. ಮುಂದಿನ ಡಬ್ಬಿಯೊಂದರ ಕಿಟಕಿಯಿಂದ ಯಾನಪ್ಪ ಅರ್ಧ ಮೈ ಹೊರಗೆ ಹಾಕಿದ್ದ. ಅವನು ನೋಡುತ್ತಿದ್ದದ್ದು ಸ್ಟೇಷನ್ನಿನ ದೊಡ್ಡ ಬಾಗಿಲನ್ನು, ಎಲ್ಲರೂ ಬರುವ ಕಡೆಯನ್ನು. ಇವರು ಬಂದದ್ದು ಅವನ ಬೆನ್ನ ಹಿಂದೆ. ಹುಡುಗ ತಾಯಿಯ ಕೈ ಬಿಡಿಸಿಕೊಂಡು ಓಡಿದ. ಹೋಳಿಗೆಯ ಗಂಟು ಹಿಡಿದು ಜಂಬಮ್ಮ ಹಿಂದೆ ಓಡಿದಳು. ಗಾಡಿ ಅವರಿಬ್ಬರಿಗಿಂತ ಸ್ವಲ್ಪ ಜೋರಾಗಿತ್ತು.

ಹುಡುಗ ಬಾಯಿ ತೆರೆದ. ಮುಚ್ಚಿದ. ಮತ್ತೆ ತೆರೆದ. ದನಿ ಬರಲಿಲ್ಲ, ಅವನು ತರಲಿಲ್ಲ. ಓಡುತ್ತಿದ್ದವನು ನಿಂತು, ತಿರುಗಿ, ತಾಯಿಯ ಮುಖ ನೋಡಿದ.

ಕೇಳಬೇಕಾದದ್ದನ್ನೆಲ್ಲ ಆ ಕಣ್ಣೇ ಕೇಳಿತು. ಜಂಬಮ್ಮನೇ ಕೂಗಬಹುದಿತ್ತು, ಅವಳ ಗಂಟಲಿಗೆ ಏನೂ ಆಗಿರಲಿಲ್ಲ. ಆದರೆ ಆ ಮನುಷ್ಯ ಕಿಟಕಿಯಲ್ಲಿ ಜೋತುಬಿದ್ದು ಕಾಯುತ್ತಿದ್ದದ್ದು ಅವಳ ದನಿಗಲ್ಲ. ಹೋದ ಮೂರು ಕೂಸುಗಳು ಕಣ್ಣಮುಂದೆ ಬಂದವು, ಬೆಳಕಿಗೆ ಹಿಡಿದ ಬಿಳೀ ಅರಿವೆ ಬಂತು, ಬಾಯಲ್ಲಿ ರಕ್ತ ಕಾರಿದ ಎಲ್ಲಿಯದೋ ರಾಜ ಬಂದ. ಅವರೆಲ್ಲರ ಹಿಂದೆ, ಗೋಡೆಗೆ ಕಿವಿಯಿಟ್ಟು ನಿಂತ ತನ್ನ ಮಗ ಬಂದ.

“ಕೂಗು ಲೇ,” ಎಂದಳು.

ಹುಡುಗ ನಂಬದವನಂತೆ ನಿಂತ.

“ಕೂಗು, ನನ್ನಪ್ಪ. ನಾ ಅದೀನಿ. ಕೂಗು.”

ಮೊದಲು ಬಂದದ್ದು ಗೊಗ್ಗರು ಗಾಳಿ. ಎರಡನೆಯದು ಮುರಿದ ಪೀಪಿಯ ಸದ್ದು, ಪಕ್ಕದಲ್ಲಿದ್ದ ಹಮಾಲಿಗಳು ನಕ್ಕರು. ಮೂರನೆಯ ಸಲ ಹುಡುಗ ಕಾಲು ಅಗಲಿಸಿ ನಿಂತು, ಕಣ್ಣು ಮುಚ್ಚಿ, ಹೊಟ್ಟೆಯೊಳಗಿಂದ ಎಳೆದು “ಯಾನಪ್ಪಾ” ಎಂದು ಕೂಗಿದ. ಮೂರು ವರ್ಷದ ಎಮ್ಮೆ, ಮಗ್ಗಿ, ಜಗಳ, ನಗು ಎಲ್ಲ ಅದರೊಳಗಿತ್ತು. ಇಂಜಿನ್ನಿನ ಸದ್ದನ್ನು ಸೀಳಿಕೊಂಡು ಹೋಯಿತು ಆ ಕೂಗು. ಹಮಾಲಿಗಳ ನಗು ನಿಂತಿತು. ಜಂಬಮ್ಮನಿಗೇ ಗೊತ್ತಿರಲಿಲ್ಲ ಮಗನ ದನಿ ಇಷ್ಟು ದಪ್ಪ ಎಂದು.

ಯಾನಪ್ಪ ಕತ್ತು ತಿರುಗಿಸಿದ. ಯಾವ ಕಡೆಯಿಂದ ಬಂತೆಂದು ಹುಡುಕುವವನಂತೆ ಒಂದು ಗಳಿಗೆ ತಡಕಾಡಿದ, ಆಮೇಲೆ ಕಂಡ. ಟೊಪ್ಪಿಗೆ ತೆಗೆದು ಕಿವಿಗೆ ಮುಟ್ಟಿಸಿ ತೋರಿಸಿದ, ಕೇಳಿತು ಕೇಳಿತು ಎಂಬಂತೆ. ಎರಡೂ ಕೈ ಬಾಯಿಗೆ ಹಿಡಿದು ಅವನೂ ಕೂಗಿದ, “ಅಂತಿಗೋನಾ” ಎಂದು. ಹೊಸಪೇಟೆ ಸ್ಟೇಷನ್ನಿನ ತಗಡಿನ ಮಾಡು ಆ ಹೆಸರನ್ನು ಇನ್ನೊಮ್ಮೆ ಹೇಳಿತು. ಯಮನ ಕಡೆಯವರು ಯಾರಾದರೂ ಅಲ್ಲಿ ಇದ್ದಿದ್ದರೆ ಅವರಿಗೂ ಚೆನ್ನಾಗಿಯೇ ಕೇಳಿಸಿರಬೇಕು.

ಗಾಡಿಯ ಬಾಲ ಸಿಗ್ನಲ್ ಕಂಬ ದಾಟಿತು. ಜಂಬಮ್ಮ ಹೋಳಿಗೆಯ ಗಂಟನ್ನು ನೆಲಕ್ಕಿಟ್ಟು ಮಗನ ಮುಂದೆ ಮಂಡಿಯೂರಿ ಕೂತಳು. “ಬಾಯಿ ತೆಗಿ,” ಎಂದಳು. ಅವನು ತೆಗೆದ. ಬೆರಳು ಹಾಕಿ ನಾಲಿಗೆಯ ಮೇಲೆ, ವಸಡಿನ ಸುತ್ತ, ಗಂಟಲಿನವರೆಗೆ ಆಡಿಸಿ, ಹೊರಗೆ ತೆಗೆದು ಬಿಸಿಲಿಗೆ ಹಿಡಿದಳು. ಬರೀ ಎಂಜಲು. ಸ್ವಲ್ಪ ಹೋಳಿಗೆಯ ಬೆಲ್ಲವೂ ಇತ್ತು, ಒಲೆಯ ಪಕ್ಕದಿಂದ ಕದ್ದು ತಿಂದದ್ದು. ಬೆರಳನ್ನು ಸೆರಗಿಗೆ ಒರೆಸಿಕೊಂಡು ಮತ್ತೊಮ್ಮೆ ನೋಡಿದಳು.

ಹುಡುಗ ಇನ್ನೂ ಏದುಸಿರು ಬಿಡುತ್ತಿದ್ದ. ಹಳಿಯ ತುದಿಯಲ್ಲಿ ಹೊಗೆ ಮಾತ್ರ ಕಾಣುತ್ತಿತ್ತು. ಯಾನಪ್ಪನಿಗೆ ಇನ್ನು ಕೇಳಿಸುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

“ಅವ್ವಾ,” ಎಂದ ಅಂತಿಗೋನಪ್ಪ, ಪಿಸುಗುಟ್ಟದೆ. “ಇನ್ನೊಮ್ಮೆ ಕೂಗ್ಲೇನು?”

ಜಂಬಮ್ಮ ಸೆರಗಿನಿಂದ ಕಣ್ಣು ಒತ್ತಿಕೊಂಡು ಅವನ ಬೆನ್ನ ಮೇಲೆ, ಎದೆಯ ಗೂಡಿನ ಹಿಂದೆ, ಕೈಯಿಟ್ಟಳು.

“ಕೂಗು,” ಎಂದಳು.